ಹುಣಸೆಮರದ ಬದುವಿನ ಗುಳ್ಳೆನರಿ

ಮಧುಗಿರಿ ತಾಲ್ಲೂಕು
ಏಪ್ರಿಲ್ ಮೊದಲ ವಾರ

ಪುಟ್ಟೀ,

ನಿನ್ನ ತಂದೆ ಮಾಡುವ ಆಶೀರ್ವಾದಗಳು. ಇಲ್ಲಿ ನಾವಿಬ್ಬರೂ ಕ್ಷೇಮ. ನಿಮ್ಮಮ್ಮನ ಮಂಡಿನೋವು ಹಾಗೇ ಇದೆ, ಆದರೂ ಬೆಳಗ್ಗೆ ತೋಟಕ್ಕೆ ಬರುವುದನ್ನು ಬಿಟ್ಟಿಲ್ಲ.

ಭಾನುವಾರ ನೀನು ಸಿಟ್ಟಿನಲ್ಲೇ ಫೋನ್ ಇಟ್ಟೆ. "ಆ ನರಿ ಅಲ್ಲಿಂದ ಹೋಗೋ ತನಕ ಮಗೂನ ರಜಕ್ಕೆ ಕಳಿಸಲ್ಲಪ್ಪ" ಅಂದೆ. ಹೆತ್ತವಳ ಭಯ, ಅದನ್ನು ತಪ್ಪು ಅನ್ನುವುದಿಲ್ಲ. ಆದರೆ ಇಲ್ಲಿ ಬಂದಿರುವುದು ಏನು, ನಾವು ಏನೇನು ಮಾಡಿದ್ದೇವೆ ಅನ್ನುವುದನ್ನು ಪೂರ್ತಿ ಓದಿ ಆಮೇಲೆ ತೀರ್ಮಾನ ಮಾಡು. ಇನ್ನೊಂದು ಮಾತೂ ಇದೆ ಕಣಮ್ಮ. ಅದನ್ನು ಫೋನಿನಲ್ಲಿ ಹೇಳಲು ಬಾಯಿ ಬರಲಿಲ್ಲ. ಅದಕ್ಕೇ ಕಾಗದ ಹಿಡಿದು ಕೂತಿದ್ದೇನೆ.

ನೀನು ಚಿಕ್ಕವಳಿದ್ದಾಗ ರಾತ್ರಿ ಗುಂಪಾಗಿ ಊಳಿಡುತ್ತಿದ್ದವಲ್ಲ, ನೀನು ನನ್ನ ಕಂಬಳಿಯೊಳಗೆ ಬಂದು ಸೇರಿಕೊಳ್ಳುತ್ತಿದ್ದೆಯಲ್ಲ, ಆ ನರಿ ಅಲ್ಲ ಇದು. ಅದು ಎಂಟು ಹತ್ತು ಕೆಜಿ ತೂಗುವ ಪ್ರಾಣಿ. ಈಗ ಬಂದಿರುವುದು ಗುಳ್ಳೆನರಿ. ಕುಳ್ಳನರಿ ಅಂತಲೂ ಕರೆಯುತ್ತಾರೆ. ತೂಕ 2ರಿಂದ 4 ಕೆಜಿ, ನಮ್ಮ ಹಳೇ ನಾಟಿ ಹುಂಜ ಇತ್ತಲ್ಲ, ಹೆಚ್ಚುಕಮ್ಮಿ ಅಷ್ಟೇ. ದೊಡ್ಡ ಕಿವಿ, ಕಡ್ಡಿಯಂಥ ಕಾಲು, ಒಣಹುಲ್ಲಿನ ಮೈಬಣ್ಣ. ಬಾಲ ಮೈಯ ಅರ್ಧಕ್ಕಿಂತ ಉದ್ದ, ಅದರ ತುದಿ ಮಾತ್ರ ಮಸಿಗೆ ಅದ್ದಿದ ಹಾಗೆ ಕಪ್ಪು. ಕುರಿಮರಿ ಹೊತ್ತುಕೊಂಡು ಹೋಗುವ ಶಕ್ತಿ ಅದಕ್ಕಿಲ್ಲ. ಆರು ವರ್ಷದ ಹುಡುಗನನ್ನು ಕಂಡರೆ ಓಡುವುದು ಅದು.

ಫೆಬ್ರವರಿಯಲ್ಲಿ ಒಂದು ರಾತ್ರಿ ತ್ರೀ ಫೇಸ್ ಕರೆಂಟ್ ಬಂತು ಅಂತ ಮೋಟಾರ್ ಹಾಕಲು ಹೋಗಿದ್ದೆ. ಟಾರ್ಚ್ ಬಿಟ್ಟಾಗ ತೊಟ್ಟಿಯ ಪಕ್ಕದಲ್ಲಿ ಎರಡು ಕಣ್ಣು ಹೊಳೆದವು. ನೀರು ಕುಡಿಯುತ್ತಿತ್ತು. ತಲೆ ಎತ್ತಿ ನನ್ನನ್ನು ನೋಡಿತು, ಮತ್ತೆ ಎರಡು ಗುಟುಕು ಕುಡಿದು ಬಾಳೆ ಸಾಲಿನೊಳಗೆ ಹೋಯಿತು. ಬೆಳಗ್ಗೆ ಡ್ರಿಪ್ ಪೈಪಿನಲ್ಲಿ ಎರಡು ಕಡೆ ಹಲ್ಲಿನ ತೂತು. ನಾಲ್ಕು ದಿನ ಕಳೆದ ಮೇಲೆ ಹುಣಸೆಮರದ ಬದುವಿನಲ್ಲಿ ಹೊಸ ಮಣ್ಣು ಕಂಡಿತು. ಬಿಲಕ್ಕೆ ಒಟ್ಟು ಐದು ಬಾಯಿ, ಓಡಾಟ ಇರುವುದು ಎರಡರಲ್ಲಿ.

ಅದು ನಮ್ಮ ತೋಟಕ್ಕೇ ಯಾಕೆ ಬಂತು ಅಂತ ಕೇಳಿದೆಯಲ್ಲ. ನೀನು ಎಲಚಿ ಹಣ್ಣು ಆರಿಸಲು ಹೋಗುತ್ತಿದ್ದ ಗೋಮಾಳ ಈಗಿಲ್ಲ. ತಂಗಡಿ ಗಿಡ, ಬಂದರೆ ಗಿಡ, ಹುತ್ತ ಎಲ್ಲವನ್ನೂ ಜೆಸಿಬಿ ತಂದು ಎರಡು ವಾರದಲ್ಲಿ ಮಟ್ಟ ಮಾಡಿದರು. ಈಗ ಅಲ್ಲಿ ಸೈಟಿನ ಕಲ್ಲು ನೆಟ್ಟಿದ್ದಾರೆ. ಈ ಪ್ರಾಣಿ ದಟ್ಟ ಕಾಡಿನಲ್ಲಿ ಬಾಳುವುದಲ್ಲ. ಕುರುಚಲು, ಹುಲ್ಲು, ದೂರದ ತನಕ ಕಣ್ಣಿಗೆ ಕಾಣುವ ಬಯಲು, ಅಗೆಯಲು ಮೆತ್ತನೆ ಮಣ್ಣು, ಇಷ್ಟು ಬೇಕು ಅದಕ್ಕೆ. ಮೈದನಹಳ್ಳಿಗೆ ಜಿಂಕೆ ನೋಡಲು ಕರೆದುಕೊಂಡು ಹೋಗಿದ್ದೆ, ನೆನಪಿದೆಯಾ? ಅಲ್ಲಿ 798 ಎಕರೆಯನ್ನು 2007ರಲ್ಲಿ ಕೃಷ್ಣಮೃಗಕ್ಕೆ ಅಂತ ಸಂರಕ್ಷಿತ ಪ್ರದೇಶ ಮಾಡಿದರು. ಅಂಥ ಬಯಲು ನಮ್ಮೂರಿನಲ್ಲಿ ಉಳಿದಿಲ್ಲ. ಗೋಮಾಳ ಅಂದರೆ ಬರಡು ಜಮೀನು ಅಂತ ನಾವೆಲ್ಲ ಬರೆದುಕೊಂಡುಬಿಟ್ಟೆವು. ಅಲ್ಲಿ ಎಷ್ಟು ಜೀವ ಇದ್ದವು ಅಂತ ಯಾರೂ ಎಣಿಸಲಿಲ್ಲ, ನಾನೂ ಎಣಿಸಲಿಲ್ಲ.

ಕೋಳಿ ಹೋದದ್ದು ನಿಜ. ಎರಡು ಪಿಳ್ಳೆ, ಆಮೇಲೆ ಮೊಟ್ಟೆಗೆ ಬಂದಿದ್ದ ಒಂದು ಹ್ಯಾಟೆ. ನಿಮ್ಮಮ್ಮ ಆ ಹ್ಯಾಟೆಗಾಗಿ ಎರಡು ದಿನ ಸರಿಯಾಗಿ ಊಟ ಮಾಡಲಿಲ್ಲ. ಪಕ್ಕದ ತೋಟದವರು ಬಂದು, "ಕೋಳಿ ಕರುಳಿಗೆ ಔಷಧಿ ಬೆರೆಸಿ ಬದುವಿನ ಮೇಲೆ ಇಡಿ, ಒಂದೇ ರಾತ್ರಿ" ಅಂದರು. ಇನ್ನೊಬ್ಬರು ಕ್ಲಚ್ ವೈರಿನ ಉರುಲು ಹಾಕಿಕೊಡುತ್ತೇನೆ ಅಂದರು. ಮತ್ತೊಬ್ಬ, ಯಾರೋ ಗೊತ್ತಿಲ್ಲದವನು, ನರಿ ಸಿಕ್ಕರೆ ತಲೆ ತನಗೆ ಕೊಡಿ, ನರಿ ಕೊಂಬಿಗೆ ಒಳ್ಳೆ ಬೆಲೆ ಇದೆ ಅಂದ. ಯಾವ ನರಿಗೂ ಕೊಂಬು ಇಲ್ಲ ಪುಟ್ಟಿ. ತಲೆಬುರುಡೆಯ ಚರ್ಮ, ಕೂದಲು ಸೇರಿಸಿ ಕೊಂಬಿನ ಹಾಗೆ ಮಾಡಿ ಮಾರುತ್ತಾರೆ, ಅದಕ್ಕಾಗಿ ಎಷ್ಟೋ ನರಿ ಸಾಯುತ್ತವೆ. ಅವನನ್ನು ಗೇಟಿನಿಂದಲೇ ಕಳಿಸಿದೆ. ಔಷಧಿ ಇಟ್ಟ ಕರುಳನ್ನು ನರಿಯೊಂದೇ ತಿನ್ನುತ್ತದೆಯಾ? ನಮ್ಮ ನಾಯಿ ತಿನ್ನುತ್ತದೆ, ಕಾಗೆ ತಿನ್ನುತ್ತದೆ, ಸತ್ತದ್ದನ್ನು ಹದ್ದು ತಿನ್ನುತ್ತದೆ.

ನಾನು ಅರಣ್ಯ ಇಲಾಖೆಯ ಸಹಾಯವಾಣಿ 1926ಕ್ಕೆ ಫೋನ್ ಮಾಡಿದೆ. ಗಾರ್ಡ್ ಹುಡುಗ ಬಂದ, ನಿನಗಿಂತ ಚಿಕ್ಕವನು. ಬಿಲದ ಹತ್ತಿರ ಹೋಗದೆ ದೂರದಲ್ಲೇ ಕೂತು ನೋಡಿದ. ಆಮೇಲೆ ಬದುವಿನ ಚಪ್ಪಡಿಯ ಮೇಲೆ ನರಿ ಹಾಕಿದ್ದ ಹಿಕ್ಕೆಯನ್ನು ಕಡ್ಡಿಯಿಂದ ಬಿಡಿಸಿ ತೋರಿಸಿದ. ಜೀರುಂಡೆ ರೆಕ್ಕೆಯ ಚೂರು, ಇಲಿ ಕೂದಲು, ಎಲಚಿ ಬೀಜ, ಕೆರೆ ಏಡಿಯ ಚಿಪ್ಪು. ಗೆದ್ದಲು, ಮಿಡತೆ, ಓತಿಕ್ಯಾತ, ಬೇವಿನ ಹಣ್ಣು ಕೂಡ ತಿನ್ನುತ್ತದಂತೆ. ನನ್ನ ವಯಸ್ಸಿಗೆ ಇದು ಮೊದಲ ಸಲ ಗೊತ್ತಾಯಿತು ನೋಡು. ವರ್ಷಾ ವರ್ಷಾ ನನ್ನ ಕಡ್ಲೆಕಾಯಿ ಹೊಲದ ಇಲಿ ಹಿಡಿಯುತ್ತಿದ್ದ ಪ್ರಾಣಿಯನ್ನು ನಾನು ಕೋಳಿ ಕಳ್ಳ ಅಂತಲೇ ತಿಳಿದಿದ್ದೆ.

ಹಿಡಿಸಿ ದೂರ ಬಿಟ್ಟು ಬನ್ನಿ ಅಂದೆಯಲ್ಲ, ಅದನ್ನೂ ಕೇಳಿದೆ. 1972ರ ವನ್ಯಜೀವಿ ಕಾಯ್ದೆಯ ಪ್ರಕಾರ ನಾವಾಗಿ ಹಿಡಿಯುವಂತೆಯೂ ಇಲ್ಲ, ಕೊಲ್ಲುವಂತೆಯೂ ಇಲ್ಲ. ಕಾಯ್ದೆ ಹಾಗಿರಲಿ, ಬಿಲದಲ್ಲಿ ಮರಿ ಇವೆ. ಡಿಸೆಂಬರ್ ಜನವರಿಯಲ್ಲಿ ಜೊತೆಗೂಡಿ, ಐವತ್ತು ಚಿಲ್ಲರೆ ದಿನಕ್ಕೆ ಮರಿ ಹಾಕುತ್ತದೆ. ತಾಯಿಯನ್ನು ಒಯ್ದರೆ ಮರಿ ಉಪವಾಸ ಸಾಯುತ್ತವೆ. ಅದನ್ನು ಬಿಟ್ಟ ಕಡೆ ಅದಕ್ಕೆ ನೀರು ಎಲ್ಲಿದೆ, ಅಡಗುವುದೆಲ್ಲಿ ಅಂತ ಗೊತ್ತಿರುವುದಿಲ್ಲ. ಮುಂಗಾರು ಹಿಡಿಯುವ ಹೊತ್ತಿಗೆ ಮರಿಗಳು ದೊಡ್ಡವಾಗಿ ತಾವಾಗಿಯೇ ಚದುರುತ್ತವೆ. ಇನ್ನು ಎರಡು ತಿಂಗಳ ಮಾತು.

ಹಾಗಾಗಿ ನರಿಯನ್ನು ಬಿಟ್ಟು ಕೋಳಿ ಗೂಡಿಗೆ ಕೈ ಹಾಕಿದೆ. ಹಳೇ ಗೂಡಿನ ಜಾಲರಿ ತುಕ್ಕು ಹಿಡಿದು ಮೂಲೆಯಲ್ಲಿ ಕೈ ತೂರುವಷ್ಟು ಕಿತ್ತಿತ್ತು. ಅದನ್ನು ಬಿಚ್ಚಿ ಸಣ್ಣ ಕಣ್ಣಿನ ಗಟ್ಟಿ ಜಾಲರಿ ಹೊಡೆಸಿದೆ. ನೆಲಕ್ಕೆ ಕಲ್ಲು ಚಪ್ಪಡಿ. ಸುತ್ತ ಒಂದಡಿ ಅಗೆದು ಜಾಲರಿಯನ್ನು ಮಣ್ಣಿನೊಳಗೂ ಇಳಿಸಿದ್ದೇನೆ, ನರಿ ಕೆರೆಯುವ ಪ್ರಾಣಿಯಲ್ಲವಾ. ಬಾಗಿಲಿಗೆ ಮೊದಲು ಮರದ ಅಗುಳಿ ಇತ್ತು, ಈಗ ಕಬ್ಬಿಣದ ಚಿಲಕ. ಸಂಜೆ ಆರಕ್ಕೆಲ್ಲ ನಿಮ್ಮಮ್ಮ ರಾಗಿ ಎರಚಿ ಕೋಳಿಗಳನ್ನು ಒಳಗೆ ಕರೆದು ಎಣಿಸಿ ಚಿಲಕ ಹಾಕುತ್ತಾಳೆ. ಎಂಜಲನ್ನು ಬಾಳೆ ಬುಡಕ್ಕೆ ಎಸೆಯುತ್ತಿದ್ದೆವಲ್ಲ, ಈಗ ಗುಂಡಿಗೆ ಹಾಕಿ ಮಣ್ಣು ಮುಚ್ಚುತ್ತೇವೆ. ತೋಟದ ಆ ತುದಿಯಲ್ಲಿ ಒಂದು ಕಲ್ಲು ಬಾನಿಯಲ್ಲಿ ನೀರು ಇಟ್ಟ ಮೇಲೆ ಡ್ರಿಪ್ ಪೈಪಿನ ಕಾಟವೂ ನಿಂತಿತು. ಮಾರ್ಚ್ ಮೊದಲ ವಾರದಿಂದ ಒಂದು ಪಿಳ್ಳೆಯೂ ಹೋಗಿಲ್ಲ.

ನಾಯಿಗೆ ರೇಬೀಸ್ ಲಸಿಕೆ, ಡಿಸ್ಟೆಂಪರ್ ಅನ್ನುವ ನಾಯಿ ರೋಗದ ಲಸಿಕೆ ಎರಡೂ ಆಯಿತು. ನರಿಯಿಂದ ನಾಯಿಗೆ ಬರುತ್ತದೆ ಅಂತ ನಾವು ಹೆದರುತ್ತೇವೆ, ಊರ ನಾಯಿಗಳಿಂದಲೇ ಇವಕ್ಕೆ ಆ ರೋಗಗಳು ಹತ್ತುವುದೂ ಉಂಟು. ರಾತ್ರಿ ನಾಯಿಯನ್ನು ಮನೆ ಹತ್ತಿರವೇ ಕಟ್ಟುತ್ತೇನೆ.

ಮಗುವಿನ ವಿಷಯ. ನಾನು ಅವನಿಗೆ ಹೇಳಬೇಕು ಅಂದುಕೊಂಡಿರುವುದನ್ನು ನಿನಗೆ ಮೊದಲೇ ಹೇಳುತ್ತೇನೆ. ನೋಡುವುದಾದರೆ ಮೋಟಾರ್ ಮನೆಯ ಕಟ್ಟೆಯಿಂದ, ನನ್ನ ಪಕ್ಕದಲ್ಲಿ ಕೂತು. ಹುಣಸೆಮರ ಅಲ್ಲಿಂದ ಐವತ್ತು ಮೀಟರ್ ಆಚೆ. ಅದಕ್ಕಿಂತ ಮುಂದೆ ಒಂದು ಹೆಜ್ಜೆ ಇಲ್ಲ, ಹತ್ತಿರ ಹೋದರೆ ತಾಯಿ ಹೆದರಿ ಮರಿಗಳನ್ನು ಬೇರೆ ಬಿಲಕ್ಕೆ ಸಾಗಿಸುತ್ತದೆ. ಬಿಸ್ಕತ್ತು ಎಸೆಯುವಂತಿಲ್ಲ. ಮನುಷ್ಯನ ಕೈ ನೋಡುವುದು ರೂಢಿಯಾದರೆ ಅದು ಮುಂದೆ ಯಾರ ಕೈಯಲ್ಲೋ ಸಾಯುತ್ತದೆ. ಮರಿ ಒಂಟಿಯಾಗಿ ಕಂಡರೆ ತಬ್ಬಲಿ ಅಂತ ಎತ್ತಿಕೊಳ್ಳಬಾರದು, ತಾಯಿ ಅಲ್ಲೇ ಎಲ್ಲೋ ಇರುತ್ತದೆ. ಯಾವ ಪ್ರಾಣಿಯೇ ಆಗಲಿ, ಹೆದರಿಕೆಯೇ ಇಲ್ಲದೆ ಮೇಲೆ ಬಂದರೆ, ತೂರಾಡಿದರೆ, ಜೊಲ್ಲು ಸುರಿಸಿದರೆ, ಮನೆಯೊಳಗೆ ಬಂದು ಬಾಗಿಲು ಹಾಕಿಕೊಂಡು ನನ್ನನ್ನು ಕೂಗಬೇಕು. ಕಚ್ಚಿದರೆ, ಪರಚಿದರೂ ಸರಿ, ಹರಿಯುವ ನೀರಿನಲ್ಲಿ ಸೋಪು ಹಾಕಿ 15 ನಿಮಿಷ ತೊಳೆದು ಅದೇ ಹೊತ್ತಿಗೆ ಸರ್ಕಾರಿ ಆಸ್ಪತ್ರೆಗೆ. ನಾಳೆ ನೋಡೋಣ ಅನ್ನುವ ಮಾತೇ ಇಲ್ಲ. ಇದು ಬೀದಿನಾಯಿಗೂ ಅಷ್ಟೇ, ನಿಮ್ಮ ಬೆಂಗಳೂರಿಗೂ ಅಷ್ಟೇ.

ಈಗ ಆ ಇನ್ನೊಂದು ಮಾತು.

ನೀನು ಆಗ ಎರಡನೇ ಕ್ಲಾಸು. ಇದೇ ಬದು, ಆ ಕಡೆ ತುದಿಯ ಹೊಂಗೆಮರದ ಕೆಳಗೆ. ಸ್ಕೂಲ್ ಬ್ಯಾಗು ಹೊತ್ತುಕೊಂಡೇ ಓಡಿಬಂದು, "ಅಪ್ಪಾ, ಅಲ್ಲಿ ಮೂರು ಕೆಂಪು ನಾಯಿಮರಿ" ಅಂದೆ. ಆ ವಾರ ನಮ್ಮ ಐದು ಕೋಳಿ ಹೋಗಿದ್ದವು. ಆ ವರ್ಷ ಕಡ್ಲೆಕಾಯಿ ಕೈಕೊಟ್ಟಿತ್ತು, ಸೊಸೈಟಿ ಸಾಲ ಇತ್ತು, ನಿಮ್ಮಮ್ಮ ಮೊಟ್ಟೆ ಮಾರಿದ ದುಡ್ಡಿನಲ್ಲಿ ಮನೆ ನಡೆಯುತ್ತಿತ್ತು. ನೀನು ತೋರಿಸಿದ ಜಾಗಕ್ಕೆ ಮಾರನೇ ದಿನ ನೀನು ಸ್ಕೂಲಿಗೆ ಹೋದ ಮೇಲೆ ಹೋದೆ. ಬಾಕಿ ಬಾಯಿಗಳಿಗೆಲ್ಲ ಕಲ್ಲು ಜಡಿದು, ಒಂದರಲ್ಲಿ ಒಣಸೆಗಣಿ, ಒಣಮೆಣಸಿನಕಾಯಿ ಹಾಕಿ ಬೆಂಕಿ ಕೊಟ್ಟೆ. ಒಳಗಿನಿಂದ ಸ್ವಲ್ಪ ಹೊತ್ತು ಸದ್ದು ಬರುತ್ತಿತ್ತು. ತಾಯಿ ಗೋಮಾಳದ ಅಂಚಿನಲ್ಲಿ ಹಗಲಿನಲ್ಲೇ ನಿಂತಿತ್ತು. ಕಲ್ಲು ಎಸೆದರೂ ಹೋಗಲಿಲ್ಲ. ಸದ್ದು ನಿಂತ ಮೇಲೆ ಆ ಬಾಯಿಯನ್ನೂ ಮುಚ್ಚಿ ಮನೆಗೆ ಬಂದೆ.

ಸಂಜೆ ನೀನು ಮರಿ ಎಲ್ಲಿ ಅಂತ ಕೇಳಿದೆ. ಅವರಮ್ಮನ ಜೊತೆ ಮಧುಗಿರಿ ಬೆಟ್ಟಕ್ಕೆ ಹೋದವು ಅಂದೆ. "ಅಷ್ಟು ನುಣ್ಣನೆ ಬಂಡೆ ಹೇಗೆ ಹತ್ತುತ್ತವಪ್ಪಾ?" ಅಂದೆ. ಮೆಟ್ಟಿಲು ಕಡಿದಿದ್ದಾರೆ, ಹತ್ತುತ್ತವೆ ಅಂದೆ. ನೀನು ನಂಬಿದೆ. ದಿನಾ ಸಂಜೆ ಬೆಟ್ಟ ಕಾಣುವ ಕಾಂಪೌಂಡ್ ಗೋಡೆಯ ಮೇಲೆ ಅವಕ್ಕೆ ಅಂತ ಒಂದು ಚೂರು ಬೆಲ್ಲ ಇಡುತ್ತಿದ್ದೆ. ನೀನು ಮಲಗಿದ ಮೇಲೆ ಆ ಬೆಲ್ಲವನ್ನು ತೆಗೆಯುತ್ತಿದ್ದವನು ನಾನು. ಬೆಳಗ್ಗೆ ನೀನು ಎದ್ದು ಬಂದು ತಿಂದುಬಿಟ್ಟಿವೆ ಅಂತ ಕುಣಿಯುತ್ತಿದ್ದೆ.

ಎಂಟು ದಿನದ ಮೇಲೆ ಮತ್ತೆ ಕೋಳಿ ಹೋಯಿತು. ಹುಡುಕಿದರೆ ಹುಲ್ಲಿನ ಬಣವೆಯ ಹಿಂದೆ ರಾಶಿ ಪುಕ್ಕ, ಅಲ್ಲಿಂದ ಕಾಡುಬೆಕ್ಕು ಜಿಗಿದು ಓಡಿತು. ಆ ಐದು ಕೋಳಿಯನ್ನು ಹಿಡಿದದ್ದು ಯಾರು ಅಂತ ಆಗ ಗೊತ್ತಾಯಿತು. ನಾನು ಯಾರಿಗೂ ಹೇಳಲಿಲ್ಲ. ನಿಮ್ಮಮ್ಮನಿಗೆ ಹೊಗೆಯ ವಿಷಯ ಗೊತ್ತಿತ್ತು, ಬೆಕ್ಕಿನ ವಿಷಯ ಮೊನ್ನೆ ಗೂಡು ಕಟ್ಟುವಾಗ ಹೇಳಿದೆ. ಅವಳು ಏನೂ ಮಾತಾಡದೆ ಜಾಲರಿ ಹಿಡಿದುಕೊಂಡೇ ಇದ್ದಳು.

ನೀನು ಆ ಬೆಟ್ಟ ಹತ್ತಿದ ನರಿಮರಿಗಳನ್ನು ಈಗ ನಿನ್ನ ಮಗನಿಗೆ ಕಥೆ ಮಾಡಿ ಹೇಳುತ್ತೀಯ. ದೀಪಾವಳಿಗೆ ಬಂದಾಗ ಅವನು ಕಾಂಪೌಂಡ್ ಹತ್ತಿರ ನಿಂತು, "ತಾತ, ಅವು ಈಗಲೂ ಮೇಲೇ ಇವೆಯಾ?" ಅಂದ. ನನಗೆ ಉತ್ತರ ಬರಲಿಲ್ಲ. ಆಟವಾಡಿಸುವ ನೆಪ ಮಾಡಿ ಅವನನ್ನು ಎತ್ತಿಕೊಂಡು ಒಳಗೆ ಬಂದೆ. ಅವತ್ತಿನಿಂದ ಈ ಕಾಗದ ನನ್ನ ತಲೆಯಲ್ಲಿದೆ. ಅವನಿಗೆ ಏನು ಹೇಳಬೇಕು, ಹೇಳಬೇಕೋ ಬೇಡವೋ, ಅದು ನಿನಗೆ ಬಿಟ್ಟದ್ದು. ನಿನಗೆ ಮಾತ್ರ ನಾನೇ ಹೇಳಬೇಕಿತ್ತು. ನೀನು ನನ್ನ ಕೈಬೆರಳು ಹಿಡಿದು ತೋರಿಸಿದ ಜಾಗಕ್ಕೆ ಬೆಂಕಿ ಇಟ್ಟೆ ಕಣಮ್ಮ. ಕ್ಷಮಿಸು ಅನ್ನಲು ಇಷ್ಟು ವರ್ಷ ಬೇಕಾಯಿತು.

ಸಿಟ್ಟು ಬಂದರೆ ಬರಲಿ, ಫೋನ್ ಮಾಡಿ ಬೈದುಬಿಡು. ಸುಮ್ಮನೆ ಮಾತ್ರ ಇರಬೇಡ.

ನಿನ್ನೆ ಸಂಜೆ ಆರೂವರೆಗೆ ಮರಿಗಳು ಹೊರಗೆ ಬಂದವು. ನಾಲ್ಕಿವೆ. ಒಂದರ ಎಡಗಿವಿ ಇನ್ನೂ ನೆಟ್ಟಗೆ ನಿಂತಿಲ್ಲ. ಗಂಡು ಬಾಯಲ್ಲಿ ಏನೋ ತಂದು ಬದುವಿನ ಮೇಲೆ ಇಟ್ಟಿತು, ನಾಲ್ಕೂ ಅದರ ಮೇಲೆ ಬಿದ್ದು ಉರುಳಾಡಿದವು. ನಿಮ್ಮಮ್ಮನೂ ನಾನೂ ಕತ್ತಲಾಗುವ ತನಕ ಮೋಟಾರ್ ಮನೆ ಕಟ್ಟೆಯ ಮೇಲೆ ಕೂತಿದ್ದೆವು. ಬರುವುದಾದರೆ ಮೇ ಎರಡನೇ ವಾರದೊಳಗೆ ಬನ್ನಿ, ಆಮೇಲೆ ಅವು ಬಿಲದ ಹತ್ತಿರ ಹೆಚ್ಚು ಹೊತ್ತು ನಿಲ್ಲುವುದಿಲ್ಲ. ಅಳಿಯಂದಿರ ಹತ್ತಿರ ದುರ್ಬೀನು ಇದೆಯಲ್ಲ, ಅದನ್ನು ಮರೆಯದೆ ತಾ. ಐವತ್ತು ಮೀಟರಿಗೆ ನನ್ನ ಕಣ್ಣು ಸಾಲದು, ಆ ಕಿವಿಯನ್ನು ನಿಮ್ಮಮ್ಮ ಹೇಳಿದ ಮೇಲೆ ನನಗೆ ಕಂಡದ್ದು.

ನಿನ್ನ
ಅಪ್ಪ