ರಾತ್ರಿ ಪಾಳಿ ಮುಗೀತು, ಥ್ಯಾಂಕ್ಸ್ ಹೇಳೋದಿದೆ

ಅಮೆರಿಕದ ಒಹಾಯೋದಲ್ಲಿ, ನವಜಾತ ಶಿಶುಗಳ ತೀವ್ರ ನಿಗಾ ಘಟಕದಲ್ಲಿ (ಎನ್‌ಐಸಿಯು) ನನ್ನ ರಾತ್ರಿ ಪಾಳಿ ಈ ವಾರಕ್ಕೆ ಮುಗಿಯಿತು. ಇನ್ನು ಹಗಲು ಹೊತ್ತಿನ ಕ್ಲಿನಿಕ್ ಕೆಲಸ. ಶುಭ ಹಾರೈಸಿದ ಎಲ್ಲರಿಗೂ ಥ್ಯಾಂಕ್ಸ್, ಆದರೆ ಮೊದಲು ಹೇಳಬೇಕಾದದ್ದು ಡ್ರಗ್ ಚಟದಿಂದ ಹೊರಬರಲು ಹೆಣಗುತ್ತಿದ್ದ ಅಲ್ಲಿನ ತಾಯಂದಿರಿಗೆ. ಅವರು ಇದನ್ನು ಓದಲ್ಲ, ಇರಲಿ.

ಹೆರಾಯಿನ್ನೋ ಫೆಂಟನಿಲ್ಲೋ ತೆಗೆದುಕೊಂಡವರ ಮಗುವಿಗೆ ಹೊಕ್ಕುಳಬಳ್ಳಿ ಕತ್ತರಿಸಿದ ಕೂಡಲೇ ಆ ಡ್ರಗ್ ಸಿಗೋದು ನಿಂತುಹೋಗುತ್ತದೆ. ಒಂದೆರಡು ದಿನದಲ್ಲಿ ಶುರುವಾಗುತ್ತದೆ ನೋಡಿ, ಕೀರಲು ಅಳು, ಕೈಕಾಲು ನಡುಕ, ಮೇಲಿಂದ ಮೇಲೆ ಸೀನು, ಭೇದಿ, ಹಸಿವಿದ್ದರೂ ಹಾಲು ಎಳೆಯಲಾರದ ಒದ್ದಾಟ. "ಅಂಥವಳಿಗೆ ಮಗು ಯಾಕೆ ಕೊಡ್ತೀರಿ?" ಅಂತ ಊರಲ್ಲಿ ಎಷ್ಟೋ ಜನ ಕೇಳಿದ್ದಾರೆ. ಗರ್ಭಿಣಿ ಡ್ರಗ್ ಏಕಾಏಕಿ ಬಿಟ್ಟರೆ ಮತ್ತೆ ಚಟಕ್ಕೆ ಬಿದ್ದು ಓವರ್‌ಡೋಸ್ ಆಗುವ ಅಪಾಯ ಜಾಸ್ತಿ. ಅದಕ್ಕೇ ಡಾಕ್ಟರು ಡ್ರಗ್ಗಿನ ಸೆಳೆತ ಹಿಡಿತದಲ್ಲಿಡುವ ಮೆಥಡೋನ್ ಅಥವಾ ಬ್ಯುಪ್ರೆನಾರ್ಫಿನ್ ಎಂಬ ಔಷಧಿ ಕೊಡುತ್ತಾರೆ. ಬೆಳಿಗ್ಗೆ ಆ ಡೋಸ್‌ಗೆ ಕ್ಯೂ ನಿಂತು, ಬಸ್ಸು ಹಿಡಿದು ಬಂದು, ಎಲ್ಲರ ಕೆಟ್ಟ ನೋಟ ಸಹಿಸಿಕೊಂಡು ಮಗುವನ್ನು ಎದೆಗೆ ಒತ್ತಿಕೊಂಡು ಕೂರುತ್ತಿದ್ದ ಹೆಂಗಸರನ್ನು ನಾನು ನೋಡಿದ್ದೇನೆ. ಚಿಕಿತ್ಸೆಯಲ್ಲಿ ಸ್ಥಿರವಾಗಿದ್ದರೆ ಎದೆಹಾಲನ್ನೂ ಕೊಡಬಹುದು.

ನಮ್ಮ ಯೂನಿಟ್ಟಿನ ಹಿರಿಯ ನರ್ಸುಗಳಿಗೂ ಥ್ಯಾಂಕ್ಸ್. ಮೊದಲೆಲ್ಲ ಫಿನೆಗನ್ ಪಟ್ಟಿ ಹಿಡಿದು ಲಕ್ಷಣಗಳಿಗೆ ಅಂಕ ಹಾಕುತ್ತಿದ್ದೆವು, ಅಂಕ ಏರಿದರೆ ಆ ಒದ್ದಾಟ ತಗ್ಗಿಸಲು ಮಾರ್ಫಿನ್ ಹನಿ. ಆಮೇಲೆ 'ಈಟ್, ಸ್ಲೀಪ್, ಕನ್ಸೋಲ್' ಪದ್ಧತಿ ಬಂತು. ಮಗು ಹಾಲು ಕುಡಿಯುತ್ತಾ, ಒಂದು ಗಂಟೆ ನಿದ್ದೆ ಮಾಡುತ್ತಾ, 10 ನಿಮಿಷದೊಳಗೆ ಸಮಾಧಾನ ಆಗುತ್ತಾ, ಅಷ್ಟು ನೋಡುವುದು. ಮಂದ ಬೆಳಕು, ಬಿಗಿಯಾಗಿ ಸುತ್ತಿದ ಬಟ್ಟೆ, ತಾಯಿಯ ಮೈ ಬಿಸಿ. ನಮ್ಮ ಬಾಣಂತಿ ಕೋಣೆಯೇ ಅಲ್ವಾ? ಅಮೆರಿಕದ 26 ಆಸ್ಪತ್ರೆಗಳಲ್ಲಿ ನಡೆದು 2023ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಹಳೇ ಕ್ರಮದಲ್ಲಿ ಮಗು ಮನೆಗೆ ಹೋಗುವಷ್ಟು ಸುಧಾರಿಸಲು ಸರಾಸರಿ 14.9 ದಿನ ಬೇಕಾಗಿತ್ತು, ಹೊಸದರಲ್ಲಿ 8.2. ಔಷಧಿ ಬೇಕಾದ ಮಕ್ಕಳೂ ಸುಮಾರು 52%ರಿಂದ 20%ಕ್ಕೆ ಇಳಿದರು. ಬೇಕಾದ ಮಗುವಿಗೆ ಮಾರ್ಫಿನ್ ಈಗಲೂ ಕೊಡುತ್ತೇವೆ, ಅದರಲ್ಲಿ ತಪ್ಪೇನಿಲ್ಲ.

ತಾಯಿ ಬರಲಾಗದ ರಾತ್ರಿ ಆರಾಮಕುರ್ಚಿಯಲ್ಲಿ ಯಾರದೋ ಮಗುವನ್ನು ಎತ್ತಿಕೊಂಡು ಕೂತ ಸ್ವಯಂಸೇವಕ ಅಜ್ಜ ಅಜ್ಜಿಯರಿಗೆ ಏನು ಹೇಳಲಿ! ಅವರಿಲ್ಲದೆ ನಮಗೆ ಕೈಯೇ ಸಾಲುತ್ತಿರಲಿಲ್ಲ.

ಕೊನೆಗೆ ನಮ್ಮ ಯಜಮಾನರಿಗೆ. ನಾನು ಹಗಲೆಲ್ಲ ಮಲಗಿದ್ದಾಗ ಮಕ್ಕಳ ಡಬ್ಬಿ, ಸ್ಕೂಲು, ಜ್ವರ ಎಲ್ಲ ಅವರೇ ನೋಡಿಕೊಂಡರು. ಡಬ್ಬಿಯಲ್ಲಿ ಬಹುತೇಕ ಚಿತ್ರಾನ್ನವೇ ಇರುತ್ತಿತ್ತಂತೆ, ಮಕ್ಕಳ ದೂರು.