ಎನ್ನ ತಲೆ ಎಂತ ಮಾಡಿತ್ತು?

ಪ್ರೀತಿಯ ಮಗಳೇ,

ಮಂಗಳವಾರ ಪೆರ್ಲದಲ್ಲಿ ಬಸ್ಸು ಹತ್ತುವಾಗ ನೀನು ನನ್ನ ಕಡೆ ತಿರುಗಿಯೂ ನೋಡಲಿಲ್ಲ. ಬೆಂಗಳೂರು ಮುಟ್ಟಿದ ಸುದ್ದಿಯನ್ನೂ ಅಮ್ಮನಿಗೆ ಮಾತ್ರ ಹೇಳಿದೆ. ಹಿಂದಿನ ಸಂಜೆ ಜಗಲಿಯಲ್ಲಿ ನಡೆದದ್ದನ್ನು ಮತ್ತೆ ಬರೆಯುವುದಿಲ್ಲ, ಇಬ್ಬರಿಗೂ ನೆನಪಿದೆ. ನಾನು ಕೈ ಎತ್ತಬಾರದಿತ್ತು. ನೀನು ಹುಟ್ಟಿ ಇಪ್ಪತ್ತನಾಲ್ಕು ವರ್ಷವಾಯಿತು, ಒಮ್ಮೆಯೂ ಎತ್ತಿದವನಲ್ಲ.

ನೀನು ಗೆಳತಿಯನ್ನು ಫೋನಿನಲ್ಲಿ ನಗುತ್ತಾ ‘ಬಿಚ್’ ಅಂದೆ. ನಿಮಗೆ ಅದು ‘ಏ ಮಾರಾಯ್ತಿ’ ಅಂದ ಹಾಗೆ ಎಂದು ಆಮೇಲೆ ಹೇಳಿದೆ. ‘ಅಪ್ಪನಿಗೆ ಆ ಶಬ್ದದ ಅರ್ಥವೇ ಗೊತ್ತಿಲ್ಲ’ ಅಂತಲೂ ಹೇಳಿದೆ. ಆ ಮಾತು ನಾಟಿತು. ನಾನು ಮೂರು ರಾತ್ರಿ ಕೂತು ಆ ಶಬ್ದದ ಬಗ್ಗೆ ಓದಿದೆ.

ಹಳೆಯ ಇಂಗ್ಲಿಷಿನಲ್ಲಿ ಅದು ‘ಬಿಚ್ಚೆ’, ಹೆಣ್ಣುನಾಯಿ, ಅಷ್ಟೇ. ನಾಯಿ ಸಾಕುವವರು ಇವತ್ತಿಗೂ ಸಂಕೋಚವಿಲ್ಲದೆ ಹಾಗೇ ಅನ್ನುತ್ತಾರೆ. ಹೆಂಗಸಿಗೆ ಬಯ್ಗುಳವಾಗಿ ಅಂಟಿಕೊಂಡು ಸುಮಾರು ಆರುನೂರು ವರ್ಷವಾಗಿರಬೇಕು. ಬೆದೆಗೆ ಬಂದ ನಾಯಿಗೆ ಹೋಲಿಸಿ ಆಡಿದ ಮಾತು ಅದು. 1785ರಲ್ಲಿ ಫ್ರಾನ್ಸಿಸ್ ಗ್ರೋಸ್ ಎಂಬವನು ಬೀದಿಮಾತುಗಳದ್ದೇ ಒಂದು ಕೋಶ ಮಾಡಿ, ಇಂಗ್ಲಿಷ್ ಹೆಂಗಸಿಗೆ ಇದಕ್ಕಿಂತ ದೊಡ್ಡ ಅವಮಾನವಿಲ್ಲ, ಸೂಳೆ ಅಂದರೂ ಇಷ್ಟು ಕೆರಳುವುದಿಲ್ಲ ಎಂದು ಬರೆದ. ಈಗ ಗೊಣಗುವುದಕ್ಕೂ ಅದೇ ಶಬ್ದ, ಕೈಗೆ ಬಗ್ಗದ ಕೆಲಸಕ್ಕೂ ಅದೇ. ಗಂಡಸಿಗೆ ಅಂದರೆ ಹೇಡಿ, ಇನ್ನೊಬ್ಬನ ಕಾಲಡಿಯವನು ಅಂತ. ನೀನು ವಾದಿಸಿದ್ದೂ ಸುಳ್ಳಲ್ಲ. 1968ರಲ್ಲೇ ಅಮೆರಿಕದ ಜೋ ಫ್ರೀಮನ್ ಎಂಬಾಕೆ ಅದನ್ನು ಗಟ್ಟಿಗಿತ್ತಿಯರ ಹೆಮ್ಮೆಯ ಹೆಸರಾಗಿಸಲು ಹೊರಟಿದ್ದಳಂತೆ.

‘ಸನ್ ಆಫ್ ಎ ಬಿಚ್’ ಎಂಬಲ್ಲಿಗೆ ಬಂದಾಗ ಮುಂದೆ ಓದಲಾಗಲಿಲ್ಲ. ಜಗಳ ಮಗನ ಜೊತೆಗೆ, ಪೆಟ್ಟು ಬೀಳುವುದು ಅವನ ತಾಯಿಗೆ. ನಮ್ಮ ‘ಬೋಳಿಮಗ’ ಕೂಡ ಅದೇ ಅಚ್ಚಿನದು. ಅದನ್ನು ನಾನೊಮ್ಮೆ ಆಡಿದ್ದೇನೆ. ನಿನಗೆ ಹೇಳಿಲ್ಲ, ನಿನ್ನೆಯವರೆಗೆ ನಿನ್ನಮ್ಮನಿಗೂ ಹೇಳಿರಲಿಲ್ಲ.

ಕಾಸರಗೋಡು ಜಿಲ್ಲೆಯಾದ ಮರುವರ್ಷ, 1985. ನನಗೆ ಹದಿನೇಳು. ಅಂಗಳದಲ್ಲಿ ಅಡಿಕೆ ಒಣಗಲು ಹಾಕಿತ್ತು. ಪಕ್ಕದ ಮನೆಯ ಹುಡುಗ ಗೇಟು ತೆರೆದೇ ಬಿಟ್ಟುಹೋದ, ಎರಡು ದನ ಒಳಗೆ ನುಗ್ಗಿ ಅಡಿಕೆಯೆಲ್ಲ ಚೆಲ್ಲಾಪಿಲ್ಲಿ. ನಾನು ‘ಬೋಳಿಮಗನೇ’ ಎಂದು ಗುಡ್ಡಕ್ಕೆ ಕೇಳುವ ಹಾಗೆ ಕಿರುಚಿದೆ. ಜಗಲಿಯಲ್ಲಿ ಅಜ್ಜಿ ಕೂತಿದ್ದಳು. ಕೆಂಪು ಸೀರೆ, ಬೋಳು ತಲೆ. ಇಪ್ಪತ್ತಕ್ಕೆ ಗಂಡನನ್ನು ಕಳೆದುಕೊಂಡವಳು, ಕಂಕುಳಲ್ಲಿ ಒಂದೇ ಮಗು, ನನ್ನ ಅಪ್ಪ. ಅಂದರೆ ಬೋಳಿಯ ಮಗ ಎಂಬವನು ನನ್ನ ಅಪ್ಪನೇ.

ಅವಳು ಬೈಯಲಿಲ್ಲ. ಸೆರಗನ್ನು ಹಣೆಯವರೆಗೆ ಎಳೆದುಕೊಂಡು, ಸಣ್ಣ ದನಿಯಲ್ಲಿ ಕೇಳಿದಳು: ‘ಎನ್ನ ತಲೆ ಎಂತ ಮಾಡಿತ್ತು ಮಗಾ?’

ನಾನು ದನ ಓಡಿಸುವ ನೆಪದಲ್ಲಿ ತೋಟಕ್ಕೆ ಇಳಿದೆ. ಕತ್ತಲಾಗುವವರೆಗೆ, ನೀರಿಗೆಂದು ಗುಡ್ಡಕ್ಕೆ ಕೊರೆದ ಸುರಂಗದ ಬಾಯಲ್ಲಿ ಕೂತಿದ್ದೆ. ಕ್ಷೌರದವನು ತಿಂಗಳಿಗೊಮ್ಮೆ ಹಿತ್ತಿಲಿಗೆ ಬರುತ್ತಿದ್ದ. ಮಕ್ಕಳು ಆ ಕಡೆ ಹೋಗಬಾರದೆಂದಿತ್ತು. ಆ ಸಲ ಬಾಳೆಯ ಮರೆಯಿಂದ ನೋಡಿದೆ. ಮಣೆಯ ಮೇಲೆ ಕುತ್ತಿಗೆ ಬಗ್ಗಿಸಿ ಕೂತಿದ್ದಳು. ಕಿವಿಯ ಹಿಂದೆ ಒಂದು ಕಡೆ ಕತ್ತಿ ತಾಗಿ ರಕ್ತ ಒಸರಿತು, ಅವಳೇ ಬೆರಳಿನಿಂದ ಒರಸಿಕೊಂಡಳು. ಬಾಳೆಲೆಯ ಮೇಲೆ ಬಿದ್ದದ್ದು ಹಿಡಿಯಷ್ಟೂ ಇಲ್ಲದ ಬಿಳಿ ಕೂದಲು. ಎಂಬತ್ತು ವರ್ಷದ ಮುದುಕಿಯ ತಲೆಯ ಮೇಲೆ ಅಷ್ಟನ್ನೂ ಬಿಡಲಿಲ್ಲ. ಅದೇ ತಲೆಯನ್ನು ನಾವು ಬಯ್ಗುಳ ಮಾಡಿಕೊಂಡೆವು. ತಪ್ಪಾಯಿತು ಅಜ್ಜಿ ಎನ್ನಲು ನನಗೆ ಬಾಯಿ ಬರಲಿಲ್ಲ. ನಾಳೆ, ನಾಡಿದ್ದು ಅಂತ ಮೂರು ವರ್ಷ ಕಳೆಯಿತು, ಅವಳು ಹೋದಳು.

ಸೋಮವಾರ ಸಂಜೆ ನನ್ನನ್ನು ಉರಿಸಿದ್ದು ಅದು. ನಿನ್ನ ಕೆನ್ನೆಯ ಮೇಲೆ ಬಿದ್ದ ಕೈಗೆ ಇದು ಸಮಜಾಯಿಷಿ ಆಗದು.

ಗೆಳತಿಯರೊಳಗೆ ಆ ಶಬ್ದ ಮುಳ್ಳು ಕಿತ್ತ ಹಲಸಿನಂತೆ ಇರಬಹುದು, ನಂಬುತ್ತೇನೆ. ನನ್ನ ಹೆದರಿಕೆ ಬೇರೆ. ನಾಳೆ ಆಫೀಸಿನಲ್ಲಿ ಸಭೆಯೊಂದರಲ್ಲಿ ನೀನು ಎದ್ದು ‘ಇದು ಸರಿಯಿಲ್ಲ’ ಅಂದೆ ಅಂತಿಟ್ಟುಕೋ. ಹೊರಗೆ ಬಂದ ಮೇಲೆ ಯಾರೋ ಒಬ್ಬ ಅದನ್ನೇ ಅನ್ನುತ್ತಾನೆ, ಆಗ ಮುಳ್ಳು ಹಾಗೇ ಇರುತ್ತದೆ. ನೀನು ಸಿಟ್ಟಾದರೆ, ‘ನೀವು ನೀವು ಅಂದುಕೊಳ್ಳುವುದಿಲ್ಲವೇ’ ಎನ್ನುತ್ತಾನೆ. ಯಾರು, ಯಾರಿಗೆ, ಯಾರ ಎದುರು ಆಡುತ್ತಾರೆ ಎಂಬುದನ್ನು ನೋಡಬೇಕು ಮಗಳೇ. ಮಲಯಾಳದವರಿಗೆ ‘ಪಟ್ಟಿ’ ಅಂದರೆ ನಾಯಿ, ನಮಗೆ ಸಾಮಾನಿನ ಪಟ್ಟಿ. ಒಂದೇ ಸದ್ದು, ಬದಿಯಡ್ಕದ ಬಸ್ಸಿನಲ್ಲಿ ಒಬ್ಬನ ಮುಖಕ್ಕೆ ಅಂದರೆ ಹೊಡೆದಾಟ. ಗಡಿಯಲ್ಲಿ ಬೆಳೆದವಳು ನೀನು, ತುಳು, ಮಲಯಾಳ, ಹವ್ಯಕ, ಕನ್ನಡ ನಾಲ್ಕರಲ್ಲೂ ನಾಲಗೆ ಹೊರಳುತ್ತದೆ. ಕೇಳುವವನಿಗೆ ಏನು ಕೇಳಿಸೀತು ಎಂದು ನಾವು ಚಿಕ್ಕಂದಿನಿಂದಲೇ ಯೋಚಿಸಿ ಮಾತಾಡುವವರು.

ಅವತ್ತು ನೀನು ಅಳದೆ, ದನಿ ಏರಿಸದೆ, ನನ್ನ ಮುಖ ನೋಡಿಯೇ ವಾದಿಸಿದೆ. ಹದಿನೇಳರಲ್ಲಿ ನನಗೆ ಅಜ್ಜಿಯ ಮುಖ ನೋಡಲು ಆಗಿರಲಿಲ್ಲ. ನಿನ್ನೆ ರಾತ್ರಿ ನಿನ್ನಮ್ಮನಿಗೆ ಇದನ್ನೆಲ್ಲ ಹೇಳಿದೆ, ‘ಅವಳಿಗೇ ಬರೆಯಿರಿ’ ಅಂದಳು.

ಆ ಶಬ್ದ ಬಿಡು ಎಂದು ಆಣೆ ಹಾಕಿಸುವುದಿಲ್ಲ. ನಾನು ಕೂಗಾಡಿದ್ದೆಲ್ಲ ಫೋನಿನಲ್ಲಿ ನಿನ್ನ ಗೆಳತಿಗೂ ಕೇಳಿಸಿರುತ್ತದೆ. ಅವಳ ಬಗ್ಗೆಯೂ ಹಗುರವಾಗಿ ಏನೋ ಅಂದೆ. ಅವಳ ನಂಬರು ಕಳಿಸುತ್ತೀಯಾ? ಈ ಸಲ ಮೂರು ವರ್ಷ ಕಾಯುವುದಿಲ್ಲ.

ನಿನ್ನ
ಅಪ್ಪ