ಕಂಪ್ಯೂಟರ್ ಹೆಸರು ಬದಲಿಸುವವರು ಇದನ್ನು ಓದಿ

ಸಂಪಾದಕರಿಗೆ,

ಮಾನ್ಯರೇ,

ನಮ್ಮ ಮನೆಯಲ್ಲಿ ಎರಡು ಕಂಪ್ಯೂಟರ್ ಇವೆ. ಎರಡರ ಹೆಸರೂ ‘ಡೆಸ್ಕ್‌ಟಾಪ್’ ಅಂತ ಶುರುವಾಗಿ, ಮುಂದೆ ಅರ್ಥವಿಲ್ಲದ ಅಕ್ಷರ, ಅಂಕಿಗಳು. ವಿಂಡೋಸ್ ತಾನೇ ಇಟ್ಟ ಹೆಸರು. ಯಾವುದು ಯಾವುದೆಂದು ಗೊತ್ತಾಗದೆ ಕಳೆದ ತಿಂಗಳು ಒಂದಕ್ಕೆ ಬೇರೆ ಹೆಸರಿಟ್ಟೆ. ರೀಸ್ಟಾರ್ಟ್ ಆದ ಕೂಡಲೇ ಕ್ಲೌಡ್ ಸಿಂಕ್ ಸಾಫ್ಟ್‌ವೇರ್ (ಕಂಪ್ಯೂಟರ್‌ನ ಫೈಲ್‌ಗಳನ್ನು ಇಂಟರ್ನೆಟ್‌ನಲ್ಲಿರುವ ನಮ್ಮ ಖಾತೆಯ ಜೊತೆ ಸದಾ ಒಂದೇ ರೀತಿ ಇಡುವುದು) ಮತ್ತೆ ಲಾಗಿನ್ ಕೇಳಿತು, ಮಾಡಿದೆ. ಆಮೇಲೆ ಗಡಿಯಾರದ ಪಕ್ಕದ ಪುಟ್ಟ ಬಾಣಗಳು ಸುತ್ತಿದ್ದೇ ಸುತ್ತಿದ್ದು. ಸಂಜೆಯಾದರೂ ನಿಲ್ಲಲಿಲ್ಲ.

ಬ್ರೌಸರ್‌ನಲ್ಲಿ ಖಾತೆ ತೆರೆದು ನೋಡಿದರೆ ಹಳೆಯ ಹೆಸರಲ್ಲೊಂದು, ಹೊಸ ಹೆಸರಲ್ಲೊಂದು ಕಂಪ್ಯೂಟರ್! ಇರುವುದನ್ನೇ ಹೊಸದೆಂದು ತಿಳಿದು ಎಲ್ಲವನ್ನೂ ಮೊದಲಿಂದ ಅಪ್‌ಲೋಡ್ ಮಾಡುತ್ತಿತ್ತು. ಹಳೆಯ ಹೆಸರು ಇನ್ನು ಸುಮ್ನೆ ಯಾಕೆ ಅಂತ ಅಳಿಸಿಬಿಟ್ಟೆ. ಅಪ್ಪ ನಮಗೆ ಬರೆದ ಕಾಗದಗಳನ್ನು ಸ್ಕ್ಯಾನ್ ಮಾಡಿಟ್ಟಿದ್ದು ಅದರ ಒಳಗೇ ಇತ್ತು, ಒಟ್ಟು 212 ಪುಟ. ಜಾಗ ಉಳಿಸಲೆಂದು, ಅಳಿಸದೆ, ಸಾಫ್ಟ್‌ವೇರ್‌ನಲ್ಲೇ ಇರುವ ಆಯ್ಕೆಯಿಂದ ಡಿಸ್ಕ್‌ನಿಂದ ತೆಗೆದು ಕ್ಲೌಡ್‌ನಲ್ಲಿ ಮಾತ್ರ ಇಟ್ಟಿದ್ದೆ. ಆ ರಾತ್ರಿ ನನಗೆ ನಿದ್ದೆ ಬರಲಿಲ್ಲ.

ಪುಣ್ಯಕ್ಕೆ ಎಲ್ಲವೂ ಆ ಖಾತೆಯ ಕಸದಬುಟ್ಟಿಯಲ್ಲಿ ಸಿಕ್ಕವು. ಬೆಳಿಗ್ಗೆ ಒಂದೊಂದೇ ಪುಟ ಎಣಿಸಿ ಸಮಾಧಾನ ಮಾಡಿಕೊಂಡೆ. ಗೂಗಲ್ ಡ್ರೈವ್‌ನ ಕಸದಬುಟ್ಟಿಯಲ್ಲಿ ಅಳಿಸಿದ ಫೈಲ್ 30 ದಿನ ಇರುತ್ತದೆ. ಅಷ್ಟರೊಳಗೆ ನೋಡದಿದ್ದರೆ ಕಥೆ ಮುಗಿಯಿತು. ಸಿಂಕ್ ಅಂದರೆ ಬ್ಯಾಕಪ್ (ಬೇರೆಡೆ ಭದ್ರವಾಗಿಟ್ಟ ಪ್ರತಿ) ಅಲ್ಲ, ಒಂದು ಕಡೆ ಅಳಿಸಿದ್ದು ಎಲ್ಲ ಕಡೆ ಅಳಿಯುತ್ತದೆ. ಇದನ್ನು ನನಗೆ ಯಾರೂ ಹೇಳಿರಲಿಲ್ಲ.

ಹೀಗಾದಾಗ ಮೊದಲು ಸಿಂಕ್ ನಿಲ್ಲಿಸಿ. ಬ್ರೌಸರ್‌ನಲ್ಲಿ ಫೈಲ್‌ಗಳು ಇವೆಯೇ ಎಂದು ನೋಡಿ. ಇದ್ದರೆ ಗಾಬರಿ ಬೇಡ. ಸಾಫ್ಟ್‌ವೇರ್‌ನಿಂದ ಲಾಗೌಟ್ ಆಗಿ, ಮತ್ತೆ ಲಾಗಿನ್ ಆಗಿ. ಫೋಲ್ಡರ್ ಯಾವುದು ಎಂದು ಕೇಳಿದಾಗ ಹಳೆಯ ಫೋಲ್ಡರನ್ನೇ ತೋರಿಸಿ. ಇಲ್ಲಿ ಅವಸರಪಟ್ಟು ಹೊಸದನ್ನು ಒಪ್ಪಿಕೊಂಡರೆ ಎಲ್ಲವೂ ಎರಡೆರಡು ಪ್ರತಿ ಆಗುತ್ತದೆ. ಹೊಸ ಹೆಸರಿನ ಅಡಿ ಪ್ರತಿಯೊಂದು ಫೈಲೂ ಬಂದಿದೆ ಎಂದು ಖಾತ್ರಿಯಾಗುವ ತನಕ ಹಳೆಯ ಹೆಸರನ್ನು ಮುಟ್ಟಬೇಡಿ.

ಇನ್ನೊಂದು. ಒಂದೇ ಫೈಲನ್ನು ಎರಡು ಕಡೆ ತಿದ್ದಿದ್ದರೆ ಒನ್‌ಡ್ರೈವ್, ಡ್ರಾಪ್‌ಬಾಕ್ಸ್‌ನಂಥವು ಎರಡನೆಯ ಪ್ರತಿಯ ಹೆಸರಿಗೆ ಕಂಪ್ಯೂಟರ್ ಹೆಸರನ್ನು ಸೇರಿಸುತ್ತವೆ. ಹಳೆಯ ಹೆಸರಿನ ಬಾಲವಿದೆಯೆಂದು ಅಂಥ ಫೈಲನ್ನು ಕಸ ಅಂದುಕೊಳ್ಳಬೇಡಿ. ನೀವು ಕೊನೆಯಲ್ಲಿ ತಿದ್ದಿದ್ದು ಅದರಲ್ಲೇ ಇರಬಹುದು, ತೆರೆದು ನೋಡಿ.

ಹೆಸರು ಬದಲಿಸುವುದೇ ಆದರೆ ಸಿಂಕ್ ಪೂರ್ತಿ ಮುಗಿದ ಮೇಲೆ ಬದಲಿಸಿ. ವಿಂಡೋಸ್‌ನಲ್ಲಾದರೆ 15 ಅಕ್ಷರದೊಳಗಿನ ಹೆಸರು ಸಾಕು.

ಇಷ್ಟೆಲ್ಲ ಬಳಸುವವರೇ ಪೆಟ್ಟು ತಿಂದು ಕಲಿಯಬೇಕಾ? ‘ಹಳೆಯ ಹೆಸರಿನ ಫೈಲ್‌ಗಳನ್ನು ಹೊಸ ಹೆಸರಿಗೆ ಸೇರಿಸಲೇ?’ ಎಂದು ಒಂದು ಪ್ರಶ್ನೆ ಕೇಳಿದ್ದರೆ ನಾನು ಹೌದು ಅನ್ನುತ್ತಿದ್ದೆ, ಅಷ್ಟೇ. ಸಾಫ್ಟ್‌ವೇರ್ ಮಾಡುವವರು ಆ ಪ್ರಶ್ನೆಯನ್ನು ಸೇರಿಸಲಿ, ಅದೂ ಕನ್ನಡದಲ್ಲಿ. ಅಲ್ಲಿಯ ತನಕ ತಮ್ಮ ಪತ್ರಿಕೆಯ ತಂತ್ರಜ್ಞಾನ ಅಂಕಣದಲ್ಲಿ ಈ ವಿಷಯವನ್ನು ಚಿತ್ರ ಸಮೇತ ವಿವರಿಸಬೇಕೆಂದು ಕೋರುತ್ತೇನೆ.

ಇಂತಿ,
ನಿಮ್ಮ ಓದುಗ